ಗುಂಯ್ ಅನ್ನುವ ಪೆಟ್ಟಿಗೆಯೂ ನಮ್ಮತ್ತೆಯೂ

ಹೊಳೆನರಸೀಪುರದಲ್ಲಿ ನಮ್ಮ ಸೋದರತ್ತೆಗೆ ಹೆದರುವ ಮನುಷ್ಯರು ಎಷ್ಟಿದ್ದಾರೋ ಗೊತ್ತಿಲ್ಲ, ಸ್ಪೀಕರುಗಳಂತೂ ಅಷ್ಟೂ ಹೆದರುತ್ತವೆ! ಬೇರೆಯವರ ಮುಂದೆ ಹಟ ಹಿಡಿದು ಗೊರಗೊರ ಅನ್ನುತ್ತಿದ್ದ ಪೆಟ್ಟಿಗೆ, ಅತ್ತೆಯ ಹೊಸ್ತಿಲು ದಾಟಿದ ತಕ್ಷಣ ಮರ್ಯಾದೆಯಾಗಿ ಹಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಕರೆಂಟು ಕೊಟ್ಟರೆ ಸಾಕು ತಾನೊಂದೇ ಊರಿಗೆಲ್ಲ ಕೇಳುವಂತೆ ಕೂಗುವ ಈಗಿನ ಪೆಟ್ಟಿಗೆಗಳಿವೆಯಲ್ಲ, ಅವುಗಳ ರಿಪೇರಿ ಅತ್ತೆಯ ಕಸುಬು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದ ಹೆಂಗಸು ಹಪ್ಪಳ ಸಂಡಿಗೆ ಮಾಡಿಕೊಂಡು ಇರಬಾರದಿತ್ತೇ?

ಇರುತ್ತಿದ್ದರೇನೋ, ಮಾವನ ಗಂಟಲು ಕೆಡದಿದ್ದರೆ. ಅತ್ತೆಯ ಗಂಡ ನಮ್ಮ ಸುತ್ತಿನಲ್ಲಿ ಹೆಸರಾದ ಗಮಕಿ. ಕಾವ್ಯ ಹಿಡಿದು ರಾಗವಾಗಿ ಓದಲು ಕೂತರೆ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವನಿಗೂ ಅಕ್ಷರ ಅಕ್ಷರ ಕೇಳಿಸುತ್ತಿತ್ತು. ಗಂಟಲಿನ ಆಪರೇಷನ್ ಆದಮೇಲೆ ರಾಗ ಉಳಿಯಿತು, ದನಿ ನೂಲಿನಷ್ಟು ಸಣ್ಣಗಾಯಿತು. ಹಿಂದಿನ ಸಾಲಿನವರಿಗೆ ತುಟಿ ಅಲ್ಲಾಡುವುದೊಂದೇ ಕಾಣಿಸುತ್ತಿತ್ತು. ಅತ್ತೆ ಒಂದು ಸೆಕೆಂಡ್‌ಹ್ಯಾಂಡ್ ಸ್ಪೀಕರು ತಂದರು. ಅದು ಮಾವನಿಗಿಂತ ಜೋರಾಗಿ ತಾನೇ ಗುಂಯ್ ಅಂದಿತು! ಮಾವ ಪುಸ್ತಕ ಮುಚ್ಚಿ, "ನನಗಿಂತ ಅದೇ ಚೆನ್ನಾಗಿ ಓದ್ತಿದೆ, ಶಾಲು ಅದಕ್ಕೇ ಹೊದಿಸಿ" ಅಂದು ಎದ್ದುಬಿಟ್ಟರು. ಆಮೇಲೆ ಜನರ ಮುಂದೆ ಕೂರಲೇ ಇಲ್ಲ.

ಹಾಸನದಲ್ಲಿ ಒಬ್ಬ ರಿಪೇರಿಯವನಿಗೆ ತೋರಿಸಿದರೆ, "ಹೊಸದು ತಗೊಂಬಿಡಿ ಅಮ್ಮ" ಅಂದ. ಅತ್ತೆಗೆ ರೇಗಿತು. "ಗಂಟಲು ಕೆಟ್ಟಿತು ಅಂತ ನಾನೇನು ಗಂಡನ್ನ ಬದಲಾಯಿಸಿದೆನಾ?" ಅಂದವರೇ ಪೆಟ್ಟಿಗೆಯನ್ನು ವಾಪಸು ತಂದು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದರು. ಫೋನಿನಲ್ಲಿ ವಿಡಿಯೋ ನೋಡಿದರು, ತಮ್ಮದೇ ಹಳೆಯ ಪಾಠ ನೆನೆಸಿಕೊಂಡರು, ಮನೆಯ ಫ್ಯೂಸು ಹಾರಿಸಿದರು, ಮಾವನಿಗೆ ತಣ್ಣನೆ ಸಾರು ಬಡಿಸಿದರು. ಕಡೆಗೆ ಒಳಗೆ ಊದಿಕೊಂಡಿದ್ದ ಕೆಪಾಸಿಟರ್ ಒಂದನ್ನು ಹಿಡಿದು, ಕಿತ್ತು, ಹೊಸದು ಬೆಸೆದರು. ಗುಂಯ್ ನಿಂತಿತು! ಮಾವ ಮಾತ್ರ ಜಗ್ಗಲಿಲ್ಲ. "ಮನೇಲಿ ಸರಿ. ಸಭೆಯಲ್ಲಿ ಕೈಕೊಟ್ಟರೆ? ಜನ ಎದ್ದು ಹೋದರೆ?" ಅಂದರು. ಅವರ ಭಯ ಅದೊಂದೇ.

"ಕೈಕೊಡದ ಹಾಗೆ ಮಾಡೋದು ಹೇಗೆ ಅಂತ ಕಲಿತೇ ತೀರ್ತೀನಿ" ಅಂತ ಅತ್ತೆ ಸೆರಗು ಸಿಕ್ಕಿಸಿದರು. ಅಂದಿನಿಂದ ಊರವರ ಕೆಟ್ಟ ಪೆಟ್ಟಿಗೆಗಳೆಲ್ಲ ಅತ್ತೆಯ ಪಡಸಾಲೆಗೆ ಬರತೊಡಗಿದವು.

ಬಂದವರಿಗೆ ಮೊದಲು ವಿಚಾರಣೆ. ಅರಕಲಗೂಡಿನಿಂದ ಒಬ್ಬ ಗೌಡರು ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದರು.

"ಬೋರ್ಡೇ ಸುಟ್ಟೋಗದೆ ಕಣ್ರವ್ವಾ. ತಂತಾನೇ ಕೆಟ್ಟೋಯ್ತು."

"ತಂತಾನೇ ಕೆಡೋದು ಹಾಲು ಮಾತ್ರ. ವೈರು ಎಲ್ಲಿ? ತೆಗೀರಿ ಈಚೆಗೆ."

ಮೊದಲು ವೈರು, ಆಮೇಲೆ ಪ್ಲಗ್ಗು, ಕಟ್ಟಕಡೆಗೆ ಪೆಟ್ಟಿಗೆ. ಇದು ಅತ್ತೆಯ ಶಾಸ್ತ್ರ. ಬ್ರಹ್ಮ ಬಂದರೂ ಅದನ್ನು ದಾಟುವಂತಿಲ್ಲ. ವೈರು ಬದಲಾಯಿಸಿದ್ದೇ ಪೆಟ್ಟಿಗೆ ಖಣಖಣ ಅಂತ ಹಾಡಿತು. ಗೌಡರ ಮುಖ ಅರಳಬೇಕಿತ್ತು ತಾನೇ? ಪೆಚ್ಚಾಯಿತು! "ಅಷ್ಟೇಯಾ? ಇಷ್ಟು ದೂರದಿಂದ ಒತ್ಕಂಡ್ ಬಂದಿವ್ನಿ, ಒಂದ್ಸಲ ಬಿಚ್ಚಾದ್ರೂ ನೋಡ್ರವ್ವಾ" ಅಂತ ಗೋಗರೆದರು. "ಜ್ವರ ಇಲ್ಲದವನ ಹೊಟ್ಟೆ ನಾನು ಕುಯ್ಯಲ್ಲ" ಅಂದು ಅತ್ತೆ ಕಾಫಿ ಕೊಟ್ಟು ಕಳಿಸಿದರು.

ಇನ್ನು ಆಯುಧಪೂಜೆ ಮುಗಿದ ವಾರವಂತೂ ಅತ್ತೆಗೆ ಸುಗ್ಗಿ. ನಮ್ಮ ಜನರ ಭಕ್ತಿ ಕೇಳಬೇಕೇ? ಕಾರು, ಮಿಕ್ಸಿಗೆ ಆದಮೇಲೆ ಸ್ಪೀಕರಿಗೂ ವಿಭೂತಿ, ಕುಂಕುಮ, ಮೇಲೆ ನೀರು ಚಿಮುಕಿಸಿದ ಸೇವಂತಿಗೆ ಹಾರ! ಸಾಲಗಾಮೆಯ ಭಜನೆ ಹೆಂಗಸರು ತಂದ ಪೆಟ್ಟಿಗೆಯ ವಾಲ್ಯೂಮಿನ ಗುಬುಟಿ ತಿರುಗಿಸಿದರೆ ಕರಕರ ಸದ್ದು.

"ದೇವ್ರು ಮುನಿಸ್ಕಂಡದೇನೋ ಕಣಮ್ಮ."

"ಮುನಿಸಿಕೊಂಡಿಲ್ಲ, ನೀವು ಹಚ್ಚಿದ ಕುಂಕುಮ ತಿಂದು ಕೆಮ್ಮುತ್ತಿದೆ."

ಹಲ್ಲುಜ್ಜುವ ಬ್ರಷ್ಷಿನಲ್ಲಿ ಅತ್ತೆ ಒಳಗಿನ ಸಂದುಗೊಂದನ್ನೆಲ್ಲ ಉಜ್ಜಿ ತೆಗೆದರು. ಯಾರ ಬ್ರಷ್ಷು ಅಂತ ಮಾವ ಮಾರನೆಯ ಬೆಳಿಗ್ಗೆ ಕೇಳಿದರಂತೆ, ಅತ್ತೆ ಹೊಸದೊಂದನ್ನು ಕೈಗಿಟ್ಟರಂತೆ. ಪೂಜೆಯ ಕುಂಕುಮ ಕಸಕ್ಕೆ ಹಾಕಲಾದೀತೇ? ತುಳಸಿಯ ಬುಡಕ್ಕೆ ಹೋಯಿತು. ಆ ತುಳಸಿಯಷ್ಟು ಮುತ್ತೈದೆ ತುಳಸಿ ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲ!

ಹೀಗಿರುವಾಗ ಚನ್ನರಾಯಪಟ್ಟಣದಿಂದ ಮಾವನ ಹಳೆಯ ಕೇಳುಗರು ಫೋನು ಮಾಡಿದರು. ಒಂದು ಭಾನುವಾರ ಬಂದು ಓದಬೇಕಂತೆ. ಮಾವ ಸ್ನಾನಕ್ಕೆ ಹೋಗಿದ್ದರು. "ಬರ್ತಾರೆ" ಅಂತ ಅತ್ತೆ ಒಪ್ಪಿಕೊಂಡುಬಿಟ್ಟರು! ಎರಡು ದಿನ ಮಾವ ಅತ್ತೆಯ ಹತ್ತಿರ ಮಾತೇ ಆಡಲಿಲ್ಲ. "ಆಡದಿದ್ದರೆ ಒಳ್ಳೇದೇ, ಗಂಟಲಿಗೆ ವಿಶ್ರಾಂತಿ" ಅಂದರು ಅತ್ತೆ.

ಆ ಭಾನುವಾರ ಹಾಸನದಿಂದ ನನ್ನ ಕಾರು ತೆಗೆದುಕೊಂಡು ಬಂದೆ. ಮುಂದಿನ ಸೀಟಿನಲ್ಲಿ ಮಾವ, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಸ್ಪೀಕರು. ದಾರಿಯುದ್ದಕ್ಕೂ ಅತ್ತೆ ಅದರ ತಲೆ ಸವರುತ್ತಿದ್ದರು.

ಸಂಜೆ ಸಭಾಂಗಣ ತುಂಬಿತ್ತು. ಮಾವ ವೇದಿಕೆಯಲ್ಲಿ ಕೂತು ಪುಸ್ತಕ ಬಿಡಿಸಿದರು. ಅತ್ತೆಯ ಪೆಟ್ಟಿಗೆಗೆ ಅಲ್ಲಿನ ಮೈಕು, ದನಿ ಹದ ಮಾಡುವ ಮಿಕ್ಸರು ಸೇರಿಸಿ ಸ್ವಿಚ್ಚು ಹಾಕಿದರೆ... ಗುಂಯ್! ಮನೆಯಲ್ಲಿ ಗಪ್ಪಾಗಿದ್ದ ಪೆಟ್ಟಿಗೆ! ಅತ್ತೆಯ ಮುಖ ಇಷ್ಟೇ ಇಷ್ಟಾಯಿತು. ಆ ಮುಖ ಹಾಗೆ ಬಾಡಿದ್ದನ್ನು ನಾನು ನೋಡಿರಲೇ ಇಲ್ಲ. ಮಾವನ ಕೈ ಪುಸ್ತಕ ಮುಚ್ಚಲು ಹೋಗುತ್ತಿತ್ತು.

ಮೈಕಿನವನು ಸಮಾಧಾನ ಹೇಳಿದ: "ಈ ಹಾಲಲ್ಲಿ ಅದು ಇದ್ದಿದ್ದೇ ಕಣ್ರಮ್ಮ. ಜನಕ್ಕೆಲ್ಲ ಅಭ್ಯಾಸ ಆಗ್ಬುಟ್ಟದೆ."

"ಜನಕ್ಕೆ ಆಗಿರಬಹುದು, ನಮ್ಮನೆಯವರಿಗೆ ಆಗಿಲ್ಲ" ಅಂದರು ಅತ್ತೆ. ಸಭೆಯ ಮಧ್ಯೆಯೇ ಬಗ್ಗಿ ವೈರು ಹಿಡಿದುಕೊಂಡು ಹೊರಟರು. ಸ್ಪೀಕರಿಗೆ ಈ ಗೋಡೆಯ ಪ್ಲಗ್ಗಿನಿಂದ ಕರೆಂಟು, ಮಿಕ್ಸರಿಗೆ ಆ ಗೋಡೆಯಿಂದ. "ಸಿಕ್ಕಿತು! ಎರಡು ಗೋಡೆಯ ಅರ್ಥಿಂಗಿಗೂ ಜಗಳ, ಅದೇ ಗುಂಯ್ ಅಂತಿರೋದು. ಎರಡಕ್ಕೂ ಒಂದೇ ಮನೆಯ ಊಟ ಹಾಕಪ್ಪ" ಅಂದು, ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಾವೇ ಚುಚ್ಚಿದರು. ಗುಂಯ್ ಅಡಗಿತು. ಫ್ಯಾನು ತಿರುಗುವ ಸದ್ದು ಕೇಳಿಸಿತು.

"ಕೇಳಿಸ್ತಾ?" ಅಂತ ಮಾವ ಮೈಕಿನಲ್ಲಿ ಮೆಲ್ಲಗೆ ಕೇಳಿದರು. ಸಭೆಯನ್ನಲ್ಲ, ಅತ್ತೆಯನ್ನು.

"ಓದಿ ನೀವು!" ಅಂತ ಕೂಗಿ ಅತ್ತೆ ಬಂದು ಕಡೆಯ ಸಾಲಿನಲ್ಲಿ ನನ್ನ ಪಕ್ಕ ಕೂತರು.

ಮಾವ ಓದಿದರು. ದನಿ ಸಣ್ಣದೇ, ಆದರೆ ಒಂದೊಂದು ಅಕ್ಷರವೂ ನಮ್ಮ ಸಾಲಿನವರೆಗೆ ನಡೆದು ಬಂತು. ಒಬ್ಬರೂ ಏಳಲಿಲ್ಲ. ಹೆಮ್ಮೆ ತಡೆಯಲಾರದೆ, "ಇವರು ನಮ್ಮತ್ತೆ" ಅಂತ ಪಕ್ಕದ ಅಪರಿಚಿತರಿಗೆ ಅವರು ಕೇಳದಿದ್ದರೂ ಹೇಳಿದೆ. ಆಮೇಲೆ ಅತ್ತೆಯ ಕಡೆ ಬಗ್ಗಿ, "ಇನ್ನೇನೂ ಕೆಡಲ್ಲ ಅತ್ತೆ, ಏಳಿ, ಕಾಫಿ ಕುಡಿದು ಬರೋಣ" ಅಂತ ಎದ್ದೆ.

ಅತ್ತೆ ನನ್ನ ಕೈ ಹಿಡಿದು ಎಳೆದರು. ಕಣ್ಣು ತುಂಬಿತ್ತು.

"ಕೂತ್ಕೊಳೋ ಸುಮ್ನೆ. ಮದುವೆಯಾದಾಗಿನಿಂದ ಇವರು ಓದೋಕೆ ಕೂತಾಗೆಲ್ಲ, ಬಂದವರಿಗೆ ಪಾನಕ ಕೋಸಂಬರಿ ಅಂತ ನಾನು ಒಳಗೇ ಇರ್ತಿದ್ದೆ. ಅಲ್ಲೊಂದು ಸಾಲು ಇಲ್ಲೊಂದು ಸಾಲು ಕಿವಿಗೆ ಬೀಳ್ತಿತ್ತು. ಪೂರ್ತಿ ಕೂತು ಕೇಳ್ತಿರೋದು ಇವತ್ತೇ ಕಣೋ."

ನಾನು ಕೂತೆ.