ಮಾವನೂ ಮೇಡಂ ಮನೆಯ ಕಿಟಕಿಗಳೂ

ನನಗೆ ಬಂದಿದ್ದ ಎರಡು ಒಳ್ಳೆಯ ಸಂಬಂಧಗಳನ್ನು ನನ್ನ ಸೋದರಮಾವ ಕೈಯಾರೆ ಮುರಿದು ಹಾಕಿದ್ದಾರೆ. ಎರಡೂ ಸಲ ಜಾತಕ ಕೂಡಿತ್ತು, ಹುಡುಗರು ಒಪ್ಪಿದ್ದರು, ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ. ಕೆಟ್ಟದ್ದು ಕಿಟಕಿಯ ದೆಸೆಯಿಂದ! ನಂಬುವುದಿಲ್ಲವೇ? ಕೇಳಿ.

ಮೊದಲನೆಯ ಹುಡುಗನ ಮನೆ ರಾಜಧಾನಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿತ್ತು. ಹುಡುಗನ ತಂದೆ ಮಾತು ಶುರುಮಾಡಿದರೂ ಮಾವನ ಕಣ್ಣು ಅವರ ತಲೆಯ ಹಿಂದಿನ ಕಿಟಕಿಯ ಮೇಲೆ. ವರ್ಷವರ್ಷವೂ ಬಣ್ಣ ಬಳಿದು ಬಳಿದು ಕಿಟಕಿ ಚೌಕಟ್ಟಿಗೆ ಅಂಟಿಕೊಂಡಿತ್ತು. "ಒಂದೇ ನಿಮಿಷ" ಎನ್ನುತ್ತಾ ಮಾವ ಎದ್ದರು, ತಟ್ಟೆಯಲ್ಲಿದ್ದ ಸೇಬು ಕೊಯ್ಯುವ ಚಾಕುವನ್ನೇ ಸಂದಿಗೆ ತೂರಿಸಿದರು, ಅಂಗೈಯಿಂದ ಎರಡು ಗುದ್ದಿದರು. ಕಿಟಕಿ ತೆರೆಯಿತು. ಅದರ ಆಚೆ ಸಂಸಾರ ಹೂಡಿದ್ದ ಎರಡು ಪಾರಿವಾಳಗಳು ಬೆದರಿ ಒಳಗೆ ನುಗ್ಗಿದವು. ಹುಡುಗ ಕಿರುಚಿಕೊಂಡು ತನ್ನ ತಾಯಿಯ ಬೆನ್ನ ಹಿಂದೆ ಅಡಗಿದ!

ವಾಪಸು ಬರುವಾಗ ಆಟೋದಲ್ಲಿ ಮಾವ ತೀರ್ಪು ಕೊಟ್ಟರು: "ಪಾರಿವಾಳಕ್ಕೇ ಇಷ್ಟು ಹೆದರೋನು ನಿನ್ನ ಜೊತೆ ಹೇಗೆ ಬಾಳ್ತಾನಮ್ಮ?"

ಎರಡನೆಯವರು ಸ್ವಂತದ ಹಳೆಯ ಮನೆ ಕೆಡವಿ ನೋಯ್ಡಾದಲ್ಲಿ ಹೊಸ ಫ್ಲ್ಯಾಟಿಗೆ ಬಂದವರು. ಪೂಜೆಗೆಂದು ಹೊಸದಾಗಿ ಮಾಡಿಸಿದ ಮಂಟಪವನ್ನು ತೋರಿಸುತ್ತಾ ಹುಡುಗನ ತಾಯಿ, "ಅತ್ತೆಯವರ ಕಾಲದ ತೇಗದ ಕಿಟಕಿಗಳಿದ್ದವು, ಎಲ್ಲಾ ಕಬಾಡಿಯವನಿಗೆ ಹಾಕಿಬಿಟ್ಟೆವು" ಎಂದರು, ಹೆಮ್ಮೆಯಿಂದ. ಮಾವ ಕಾಫಿ ಲೋಟವನ್ನು ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ. "ಹಳೇದಾಯ್ತು ಅಂತ ತೇಗವನ್ನೇ ಗುಜರಿಗೆ ಹಾಕಿದವರ ಮನೆಗೆ ನಮ್ಮ ಹುಡುಗೀನ ಕೊಡೋದಾ?" ಎಂದು ಅಮ್ಮನಿಗೆ ಫೋನು ಮಾಡಿಯೇಬಿಟ್ಟರು.

ನೀವು ನಗಬಹುದು. ಮದುವೆಯಾಗಬೇಕಿದ್ದವಳು ನಾನು!

ಮಾವನೇನು ಬಡಗಿಯಲ್ಲ. ಕೇಂದ್ರ ಸರ್ಕಾರದಲ್ಲಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಿದ್ದ ಗೆಜೆಟೆಡ್ ಅಧಿಕಾರಿ. ಒಂಟಿ ಜೀವ. ನಿವೃತ್ತಿಯಾದ ಮೇಲೆ ಸಿವಿಲ್ ಲೈನ್ಸಿನ ಹಳೆಯ ಮನೆಯೊಂದರ ಮಹಡಿಯನ್ನು ಬಾಡಿಗೆಗೆ ಹಿಡಿದರು. ನಾನು ನೋಯ್ಡಾದಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಬಂದಾಗ ಅಲ್ಲಿಯೇ ಇಳಿದುಕೊಂಡೆ. ಆ ಮಹಡಿಯಲ್ಲಿ ಎಂಟು ಕಿಟಕಿಗಳು. ಎಂಟೂ ಬ್ರಿಟಿಷರ ಕಾಲದವು.

ಅವು ನಮ್ಮ ಕಡೆಯ ಕಿಟಕಿಗಳಂತೆ ಬಾಗಿಲು ತೆರೆದ ಹಾಗೆ ತೆರೆಯುವುದಿಲ್ಲ. ಗಾಜು ಕೂರಿಸಿದ ಎರಡು ಚೌಕಟ್ಟುಗಳು ಒಂದರ ಮೇಲೊಂದು ನಿಂತಿರುತ್ತವೆ. ಕೆಳಗಿನದನ್ನು ಮೇಲಕ್ಕೆ ಎತ್ತಬೇಕು. ಪಕ್ಕದ ಮರದ ಗೂಡಿನೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ತೂಗುತ್ತಿರುತ್ತದೆ, ಮೇಲೆ ಬಾವಿಯ ರಾಟೆಯ ಮರಿಯಂಥದೊಂದು ರಾಟೆ. ಚೌಕಟ್ಟು ಏರಿದರೆ ಗುಂಡು ಇಳಿಯುತ್ತದೆ. ತೂಕ ಸರಿಯಾಗಿದ್ದರೆ ಒಂದು ಬೆರಳಲ್ಲಿ ಎತ್ತಬಹುದು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹಗ್ಗ ಹರಿದಿದ್ದರೆ ಮಾತ್ರ ಬೆರಳಿನ ಆಸೆ ಬಿಡಬೇಕು!

ಮಾವ ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಒಂದು ಕಿಟಕಿ ಅರ್ಧಕ್ಕೆ ಸಿಕ್ಕಿಕೊಂಡಿತಂತೆ. ಬಂದ ಬಡಗಿ ನೋಡಿ, "ಸಾಬ್, ಇದು ಇನ್ನು ಮೇಲೆ ಏಳೋಲ್ಲ. ಮೊಳೆ ಹೊಡೆದುಬಿಡ್ಲಾ?" ಎಂದನಂತೆ. ಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಜೀವಂತ ಕಿಟಕಿಗೆ ಮೊಳೆಯೇ! ಅವನನ್ನು ಕಳುಹಿಸಿ ತಾವೇ ಪಕ್ಕದ ಹಲಗೆ ಬಿಚ್ಚಿದರು. ಒಳಗಿದ್ದ ಕಬ್ಬಿಣದ ಗುಂಡನ್ನು ಕಂಡರು. ಆಮೇಲೆ ಅವರು ಮನುಷ್ಯರ ಲೋಕಕ್ಕೆ ಪೂರ್ತಿ ವಾಪಸು ಬರಲೇ ಇಲ್ಲ.

ಅಡುಗೆಮನೆಯಲ್ಲಿ ಸಾರಿನ ಪುಡಿಯ ಪಕ್ಕ ಅಗಸೆ ಎಣ್ಣೆ, ಸೀಮೆಸುಣ್ಣದ ಪುಡಿ. ಎರಡನ್ನೂ ಪರಾತದಲ್ಲಿ ನಾದಿ, ಗಾಜು ಕೂರಿಸುವ ಪುಟ್ಟಿಯನ್ನು ಮನೆಯಲ್ಲೇ ಮಾಡುತ್ತಿದ್ದರು. ತೊಂದರೆಯೆಂದರೆ ಮಾವ ನನ್ನನ್ನು ಕರೆಯುತ್ತಿದ್ದದ್ದೂ 'ಪುಟ್ಟಿ' ಎಂದೇ. "ಪುಟ್ಟಿ ಒಣಗಿಹೋಗಿದೆ, ಸ್ವಲ್ಪ ಎಣ್ಣೆ ಹಾಕಿ ಚೆನ್ನಾಗಿ ಗುದ್ದಬೇಕು" ಎಂದು ಅವರು ಫೋನಿನಲ್ಲಿ ಹೇಳಿದ್ದು ಕೇಳಿ ಅಮ್ಮ ಮೈಸೂರಿನಲ್ಲಿ ಅತ್ತುಬಿಟ್ಟಳು!

ನನ್ನ ಗೆಳತಿಯೊಬ್ಬಳು ಒಂದು ಭಾನುವಾರ ಬಂದವಳು, ಒದ್ದೆಬಟ್ಟೆಯ ಕೆಳಗಿದ್ದ ಅದನ್ನು ಮೈದಾಹಿಟ್ಟೆಂದುಕೊಂಡು ಪೂರಿ ಲಟ್ಟಿಸಿದಳು. ಪೂರಿ ಉಬ್ಬಲಿಲ್ಲ. ಬಾಣಲೆಯ ತಳ ಸೇರಿ ಅಲ್ಲೇ ಐಕ್ಯವಾಯಿತು. ಮಾವ ಓಡಿಬಂದು ಬಗ್ಗಿ ನೋಡಿದರು. ಅವಳು ತಿಂದಳೋ, ಬದುಕಿದ್ದಾಳೋ ಎಂದು ಕೇಳಿದರೆ? ಇಲ್ಲ! "ಎರಡು ಗಾಜಿಗೆ ಆಗ್ತಿತ್ತು" ಎಂದು ನಿಟ್ಟುಸಿರುಬಿಟ್ಟರು.

ಇಲ್ಲಿಯವರೆಗೆ ನಗಿಸಿದೆ. ಇನ್ನು ಹೇಳುವುದು ನನ್ನ ವಿಷಯ. ಅದಕ್ಕೆ ನಗು ಬರುವುದು ಕಷ್ಟ.

ನಮ್ಮ ಆಫೀಸಿನಲ್ಲಿ ನನಗಿಂತ ಮೂರು ಮೆಟ್ಟಿಲು ಮೇಲಿರುವ ಮೇಡಂ ಒಬ್ಬರಿದ್ದಾರೆ. ಅವರು ನಡೆದುಬಂದರೆ ಲಿಫ್ಟು ಕೂಡ ನೆಟ್ಟಗೆ ನಿಲ್ಲುತ್ತದೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಅವರ ತಂದೆಯ ಬಂಗಲೆಯೂ ಸಿವಿಲ್ ಲೈನ್ಸಿನಲ್ಲಿಯೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಜನವರಿಯ ಒಂದು ಭಾನುವಾರ ನಮ್ಮ ತಂಡದವರನ್ನೆಲ್ಲ ಊಟಕ್ಕೆ ಕರೆದರು. ತಂಡಕ್ಕೆ ಹೊಸ ಮುಖ್ಯಸ್ಥರನ್ನು ಆರಿಸುವ ಮಾತು ನಡೆಯುತ್ತಿದ್ದ ಸಮಯ. ನನಗೆ ಆಸೆಯಿತ್ತು. ರೇಷ್ಮೆ ಸೀರೆ ಉಟ್ಟು, ಹಿಂದಿನ ದಿನವೇ ಮೈಸೂರು ಪಾಕು ಮಾಡಿಟ್ಟು, ಹೊರಡುವ ಗಡಿಬಿಡಿಯಲ್ಲಿ ಡಬ್ಬಿಯನ್ನು ಮೇಜಿನ ಮೇಲೇ ಮರೆತು ಹೋದೆ.

ಮಾವ ಅದನ್ನು ತೆಗೆದುಕೊಂಡು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. ಆದರೆ ಹೇಗೆ ಬಂದರು! ಬಿಳಿ ಬಣ್ಣದ ಕಲೆಗಳಿದ್ದ ಸ್ವೆಟರು, ಕಿವಿ ಮುಚ್ಚುವ ಮಂಗನ ಟೋಪಿ, ಹೆಗಲಿಗೆ ಉಳಿ, ಸ್ಕ್ರೂಡ್ರೈವರು, ಹಗ್ಗದ ಸುರುಳಿ ತುಂಬಿದ ಖಾಕಿ ಚೀಲ. ಕೆಲಸದವರು ಹಾಲಿನವರೆಗೂ ಬಿಟ್ಟಿದ್ದಾರೆ. ನನ್ನ ಕಡೆ ಬರುತ್ತಿದ್ದ ಮಾವ ಅರ್ಧದಾರಿಯಲ್ಲಿ ನಿಂತರು. ಹಾಲಿನಲ್ಲಿ ನಾಲ್ಕು ಕಿಟಕಿಗಳು, ನಮ್ಮ ಮನೆಯಂಥವೇ! ಒಂದಕ್ಕೆ ಲಟ್ಟಣಿಗೆ ಆನಿಸಿ ಎತ್ತಿ ನಿಲ್ಲಿಸಿದ್ದರು. ಮಾವ ಡಬ್ಬಿಯನ್ನು ಸೋಫಾದ ಮೇಲಿಟ್ಟು ಕಿಟಕಿಯ ಮುಂದೆ ಮಂಡಿಯೂರಿದರು.

ಹದಿನೈದು ಜನ ತಿರುಗಿ ನೋಡಿದರು. ಮೇಡಂ ಹುಬ್ಬೇರಿಸಿ ಕೇಳಿದರು: "ಯೇ ಕೌನ್ ಹೈ?"

ಯಾರೂ ನನ್ನನ್ನೇ ಕೇಳಿರಲಿಲ್ಲ. ನಾನು ಸುಮ್ಮನಿದ್ದಿದ್ದರೂ ಮಾವ ಏನಾದರೂ ಹೇಳಿಕೊಳ್ಳುತ್ತಿದ್ದರು. ಆದರೆ ನನ್ನ ಬಾಯಿ ನನಗಿಂತ ಮುಂದೆ ಓಡಿತು. "ಖಿಡ್ಕೀವಾಲೇ ಹೈ ಮೇಡಂ. ನಮ್ಮ ಕಡೆ ಕಿಟಕಿ ರಿಪೇರಿ ಮಾಡ್ತಾರೆ. ಡಬ್ಬಿ ಕೊಡೋಕೆ ಬಂದಿದ್ದಾರೆ."

ಮಾವ ತಲೆಯೆತ್ತಿ ನನ್ನ ಕಡೆ ನೋಡಿದರು. ಒಂದೇ ಸಲ. ಆಮೇಲೆ ಟೋಪಿ ಸರಿಮಾಡಿಕೊಂಡು, ಮೇಡಂ ಕಡೆಗೆ ತಿರುಗಿ, "ಜೀ ಮೇಡಂ" ಎಂದರು.

ಮೇಡಂ ಮುಖ ಅರಳಿತು. "ಅರೇ ವಾಹ್! ಇದನ್ನು ಮಾಡುವವರೇ ಸಿಗ್ತಿರಲಿಲ್ಲ. ಭಯ್ಯಾ, ಸಬ್ ದೇಖ್ ಲೀಜಿಯೇ."

ಭಯ್ಯಾ ನೋಡಿದರು. ನಾವು ಬಿರಿಯಾನಿ ತಿನ್ನುತ್ತಿರುವಾಗ ನನ್ನ ತಾಯಿಯ ಏಕೈಕ ಅಣ್ಣ ನಮ್ಮ ಬೆನ್ನ ಹಿಂದೆ ಹಲಗೆ ಬಿಚ್ಚಿ, ಹಗ್ಗ ಪೋಣಿಸಿ, ಚೌಕಟ್ಟು ಜಾರುವ ಸಂದಿಗೆ ಮೇಣ ಉಜ್ಜಿದರು. ನನ್ನ ಸಹೋದ್ಯೋಗಿಯೊಬ್ಬ, "ಭಯ್ಯಾ, ಸ್ವಲ್ಪ ಸದ್ದು ಕಡಿಮೆ" ಎಂದ. "ಜೀ" ಎಂದರು. ಕೊನೆಗೆ ಕೆಲಸದವಳು ವರಾಂಡಾದ ಮೆಟ್ಟಿಲ ಮೇಲೆ ಅವರಿಗೂ ಒಂದು ತಟ್ಟೆ ಕೊಟ್ಟಳು. ಹುಟ್ಟಾ ಸಸ್ಯಾಹಾರಿ ಮಾವ ಅದರಲ್ಲಿದ್ದ ರಾಯತ, ಈರುಳ್ಳಿ ತಿಂದು ನೀರು ಕುಡಿದದ್ದನ್ನು ಗಾಜಿನ ಮೂಲಕ ನೋಡಿದೆ. ಎದ್ದು ಹೋಗಲಿಲ್ಲ. ಬಡಗಿ ಎಂದರೆ ಅವಮಾನವೇನಿಲ್ಲ. 'ಇವರು ನನ್ನ ಮಾವ' ಎಂದು ಹೇಳಲಾರದೆ ಹೋದೆನಲ್ಲ, ಅವಮಾನವೆಂದರೆ ಅದು. ಆದರೂ ಊಟ ಮುಗಿಸಿದೆ. ಗುಲಾಬ್ ಜಾಮೂನನ್ನು ಎರಡನೆಯ ಸಲ ಹಾಕಿಸಿಕೊಂಡೆ ಕೂಡ. ಎಂಥವಳು ನಾನು, ನೋಡಿ!

ಸಂಜೆ ಮನೆಯಲ್ಲಿ ಮಾವ ಆ ಮಾತನ್ನು ಎತ್ತುತ್ತಾರೆಂದು ಕಾದೆ. "ನೈಲಾನ್ ಹಗ್ಗ ಹಾಕಿದ್ದಾರೆ ಮುಠ್ಠಾಳರು! ಹತ್ತಿ ಹಗ್ಗಾನೇ ಆಗಬೇಕು" ಎಂದರು. ಅಷ್ಟೇ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ ಅನುಕೂಲವನ್ನೂ ಅವರು ಮಾಡಿಕೊಡಲಿಲ್ಲ.

ಅಷ್ಟಕ್ಕೇ ಮುಗಿಯಿತೇ? ಸೋಮವಾರ ಮೇಡಂ ನನ್ನನ್ನು ಕೋಣೆಗೆ ಕರೆಸಿದರು. ಮುಖ್ಯಸ್ಥೆಯ ಹುದ್ದೆಯ ವಿಷಯವೇ ಇರಬೇಕೆಂದುಕೊಂಡು ಹೋದೆ. "ಆ ಖಿಡ್ಕೀವಾಲೇ ಅವರ ನಂಬರ್ ಕೊಡು. ಮಹಡಿಯಲ್ಲಿ ಇನ್ನೂ ಆರು ಇವೆ."

ನಿಜ ಹೇಳಲು ಅದು ಸರಿಯಾದ ಸಮಯ. ನಾನು ನಂಬರು ಕೊಟ್ಟೆ.

ಮಾವ ಎರಡು ಭಾನುವಾರ ಹೋದರು. ಬೆಳಿಗ್ಗೆ ಚೀಲ ಹೆಗಲಿಗೇರಿಸಿ, "ಕೆಲಸಕ್ಕೆ ಹೋಗಿಬರ್ತೀನಿ" ಎಂದು ಹೊರಡುತ್ತಿದ್ದರು. ಕೂಲಿ ಕೊಡಲು ಹೋದರೆ, "ಚಹಾ ಕೊಟ್ಟಿರಲ್ಲ" ಎನ್ನುತ್ತಿದ್ದರಂತೆ. ಆಫೀಸಿನಲ್ಲಿ ಮೇಡಂ ಅವರನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆಯ ಪ್ರತಿ ಮಾತೂ ನನ್ನ ಬೆನ್ನಿಗೆ ಬೀಳುತ್ತಿತ್ತು. ಎರಡನೆಯ ಭಾನುವಾರ ಕಳೆದ ಮರುದಿನ ತಡೆಯಲಾಗಲಿಲ್ಲ. ಅವರ ಕೋಣೆಗೆ ಹೋಗಿ, ನಿಂತುಕೊಂಡೇ, ಒಂದೇ ಉಸಿರಿಗೆ ಹೇಳಿದೆ: "ಮೇಡಂ, ಅವರು ಖಿಡ್ಕೀವಾಲೇ ಅಲ್ಲ. ನನ್ನ ಮಾಮಾಜಿ. ಅವತ್ತು ನನಗೆ ನಾಚಿಕೆಯಾಗಿ ಸುಳ್ಳು ಹೇಳಿದೆ."

ಮೇಡಂ ಪೆನ್ನು ಕೆಳಗಿಟ್ಟರು. "ಗೊತ್ತು" ಎಂದರು.

"ಅವರೇ ಹೇಳಿದರಾ?"

"ನಮ್ಮ ಪಾಪಾ ಕಂಡುಹಿಡಿದರು. ಮಹಡಿಯ ಕಿಟಕಿಯ ಪಕ್ಕವೇ ಅವರ ಹಾಸಿಗೆ. ಪೆನ್ಷನ್ ಕಾಗದ ಓದ್ತಾ ಏನೋ ಗೊಣಗಿದರಂತೆ. ನಿಮ್ಮ ಮಾಮಾಜಿ ಸ್ಟೂಲಿನ ಮೇಲಿಂದಲೇ ನಿಯಮದ ಸಂಖ್ಯೆ ಸಮೇತ ಉತ್ತರ ಕೊಟ್ಟರಂತೆ! ಇಬ್ಬರೂ ಮಧ್ಯಾಹ್ನ ಪೂರ್ತಿ ಗಳಿಕೆ ರಜೆಯ ಬಗ್ಗೆ ಜಗಳ ಆಡಿದರು. ಇಷ್ಟೊಂದು ರಜಾ ನಿಯಮ ಗೊತ್ತಿರೋ ಬಡಗಿ ಎಲ್ಲಿರ್ತಾನೆ? ನಾನು ಕೇಳಿದೆ. ಆಗ ಒಪ್ಪಿಕೊಂಡರು."

"ನನ್ನ ಬಗ್ಗೆ ಏನಂದರು?"

"ನಿನಗೆ ಹೇಳಬಾರದು ಅಂತ ಮಾತು ತೆಗೆದುಕೊಂಡರು. 'ಹುಡುಗಿ ದೂರದ ಊರಿಗೆ ಬಂದು ಕಷ್ಟಪಟ್ಟು ಮೇಲೆ ಬರ್ತಾ ಇದ್ದಾಳೆ. ಅವತ್ತು ಟೋಪಿ ಹಾಕ್ಕೊಂಡು ಹಾಗೆ ಬಂದದ್ದು ನನ್ನದೇ ತಪ್ಪು. ನಿಮಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾದರೆ ತಲೆ ಎತ್ತಿ ಆಫೀಸಿಗೆ ಬರೋದು ಹೇಗೆ?' ಅಂದರು." ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು. "ನೀನಾಗಿ ಬಂದು ಹೇಳಿದೆ. ಒಳ್ಳೆಯದಾಯಿತು. ಹೋಗು."

ಮುಖ್ಯಸ್ಥೆಯ ಸ್ಥಾನ ಇನ್ನೊಬ್ಬರಿಗೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಮುಂದಿನ ಭಾನುವಾರ ಮಾವ ಚೀಲ ತೆಗೆದುಕೊಳ್ಳುವಾಗ ನಾನೂ ಚಪ್ಪಲಿ ಮೆಟ್ಟಿಕೊಂಡೆ. "ನೀನ್ಯಾಕೆ?" ಎಂದರು. "ಚೀಲ ಹೊರೋಕೆ" ಎಂದೆ. ಬಂಗಲೆಯಲ್ಲಿ ಮಹಡಿಯ ಕೊನೆಯ ಕಿಟಕಿಯೊಂದು ಉಳಿದಿತ್ತು. ಮಾವ ಸ್ಟೂಲು ಹತ್ತಿದರು. ಮೇಡಂ ತಂದೆ ದಿಂಬಿಗೆ ಒರಗಿ ನನ್ನನ್ನು ನೋಡಿ, "ಯೇ ಬಿಟಿಯಾ ಕೌನ್ ಹೈ?" ಎಂದು ಕೇಳಿದರು.

ನಾನು ಮೇಡಂ ಹತ್ತಿರ ಒಪ್ಪಿಕೊಂಡದ್ದು ಗೊತ್ತಿಲ್ಲದ ಮಾವ, ಈ ಸಲ ತಾವೇ ಸುಳ್ಳು ಹೇಳಲು ಬಾಯಿ ತೆರೆದಿದ್ದರು. ನಾನು ಅವರಿಗಿಂತ ಮೊದಲೇ ಹೇಳಿಬಿಟ್ಟೆ: "ಇವರು ನನ್ನ ಮಾಮಾಜಿ. ಅಮ್ಮನ ಅಣ್ಣ. ನಾನು ಇವರ ಮನೇಲೇ ಇರೋದು."

ಮಾವ ನನ್ನ ಕಡೆ ತಿರುಗಲಿಲ್ಲ. ರಾಟೆಯ ಮೇಲೆ ಕಣ್ಣಿಟ್ಟೇ, ಹಿಂದಕ್ಕೆ ಕೈಚಾಚಿ, "ಸ್ಕ್ರೂಡ್ರೈವರ್ ಕೊಡು" ಎಂದರು. ಕೊಟ್ಟೆ. ಅದರ ಜೊತೆಗೆ ನನ್ನ ಬೆರಳುಗಳೂ ಅವರ ಮುಷ್ಟಿಯೊಳಗೆ ಸೇರಿದವು. ಅವರಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಹಾಗೆ ಇದ್ದರೋ, ಬಹಳ ಹೊತ್ತು ಬಿಡಲಿಲ್ಲ.