ಮೊದಲು ಬೆಲ್ ಬಂತು

ಹೊಸ ಸೈಕಲ್ ಕೊಂಡವರು ಅದನ್ನು ತುಳಿದುಕೊಂಡು ಮನೆಗೆ ಬರುತ್ತಾರೆ. ತುಳಿಯಲು ಬಾರದವರು ತಳ್ಳಿಕೊಂಡು ಬರುತ್ತಾರೆ. ನಮ್ಮ ಸೈಕಲ್ ಮಾತ್ರ ತರಕಾರಿ ಚೀಲದಲ್ಲಿ ಬಂತು. ಮೇಲೆ ನಾಲ್ಕು ಹೀರೇಕಾಯಿ, ಒಂದು ಕಟ್ಟು ದಂಟಿನ ಸೊಪ್ಪು, ಅವುಗಳ ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಬ್ರೇಕು, ಹೀಗೆ. ಮಂಡಿ ಮೊಹಲ್ಲಾದ ಸೈಕಲ್ ಅಂಗಡಿಯಿಂದ ದೇವರಾಜ ಮೊಹಲ್ಲಾದ ನಮ್ಮ ವಠಾರಕ್ಕೆ ಎಷ್ಟು ದೂರ? ಮಾತಾಡಿಕೊಂಡು ನಡೆದರೂ ಬೇಗ ಮುಗಿದುಹೋಗುವ ದಾರಿ. ಆ ದಾರಿಯನ್ನು ನಮ್ಮ ಸೈಕಲ್ ಒಂದು ದಸರೆಗೆ ಮುಂಚೆ ಹೊರಟು, ಮುಂದಿನ ದಸರೆಯನ್ನೂ ದಾಟಿ ಬಂದು ತಲುಪಿತು. ಮೈಸೂರಿನಲ್ಲಿ ಅಷ್ಟು ನಿಧಾನವಾಗಿ ಓಡಿದ ಸೈಕಲ್ ಇನ್ನೊಂದಿರಲಾರದು. ಅದನ್ನು ತಂದವಳು ನನ್ನ ಹೆಂಡತಿ ದಾಕ್ಷಾಯಿಣಿ.

ಅವಳು ಹೋದ ಮಾಘದಲ್ಲಿ ತೀರಿಕೊಂಡಳು. ಮಾತಾಡಿಸಲು ಬಂದವರೆಲ್ಲ ಅವಳ ಗುಣಗಾನ ಮಾಡಿದರು. ಶಾಂತಸ್ವಭಾವ ಎಂದರು, ದೈವಭಕ್ತಿ ಎಂದರು, ಒಬ್ಬರ ಗೋಜಿಗೆ ಹೋದವಳಲ್ಲ ಎಂದರು. ನಾನು ತಲೆಯಾಡಿಸಿದೆ. ಆದರೆ ಈ ಮಾತುಗಳನ್ನು ಯಾರ ಹೆಂಡತಿಯ ಬಗ್ಗೆಯಾದರೂ ಹೇಳಬಹುದು. ಆ ಸಮಯದಲ್ಲಿ ಹೇಳುತ್ತಾರೆ ಕೂಡ. ಶಾಂತಸ್ವಭಾವವಂತೂ ಅಲ್ಲವೇ ಅಲ್ಲ, ಅದು ನನಗೆ ಗೊತ್ತು, ನಮ್ಮ ಹಾಲಿನವನಿಗೂ ಗೊತ್ತು. ಸೈಕಲಿನ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಬರೆಯುವುದು ನನ್ನ ಕಸುಬಲ್ಲ. ಬನ್ನಿಮಂಟಪದ ಹತ್ತಿರ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಗುಮಾಸ್ತ ನಾನು. ದಾರಿಯಲ್ಲಿ ಎದುರಾದವರು ನನ್ನ ಮೈಯ ವಾಸನೆಗೆ, ಯಾವುದೋ ದೇವಸ್ಥಾನದಿಂದ ಬರುತ್ತಿದ್ದೇನೆಂದು ತಿಳಿದು, ಪ್ರಸಾದವಿದೆಯೇ ಎಂಬಂತೆ ನನ್ನ ಕೈಯನ್ನು ನೋಡುತ್ತಾರೆ. ಈ ಜನ್ಮದಲ್ಲಿ ನನಗೆ ದೊರೆತ ಗೌರವ ಹೆಚ್ಚುಕಡಿಮೆ ಅಷ್ಟೇ.

ಸೈಕಲ್ ಬೇಕಾದದ್ದು ಮುದ್ದೆಗಾಗಿ. ಆಗ ನನಗೆ ಹೊಟ್ಟೆನೋವು ಹತ್ತಿಕೊಂಡಿತ್ತು. ಡಾಕ್ಟರು ಹೊಟ್ಟೆಯನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ, ಹೊತ್ತಿಗೆ ಸರಿಯಾಗಿ ಬಿಸಿಯಾಗಿ ಊಟ ಮಾಡಬೇಕು, ಇಲ್ಲದಿದ್ದರೆ ಕತ್ತರಿ ಹಾಕಬೇಕಾಗುತ್ತದೆ ಎಂದುಬಿಟ್ಟರು. ನಾನು ಬೆಳಿಗ್ಗೆ ಡಬ್ಬಿಯಲ್ಲಿ ಮುದ್ದೆ ಕಟ್ಟಿಸಿಕೊಂಡು ಹೋಗುವವನು. ಅನ್ನವಾದರೆ ಆರಿದರೂ ಅನ್ನವೇ. ಮುದ್ದೆ ಆರಿದರೆ ಅದು ಊಟದ ಜಾತಿ ಬಿಟ್ಟು ಕಲ್ಲಿನ ಜಾತಿಗೆ ಸೇರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ನಡೆದು ಹೋಗಿ ಬರೋಣವೆಂದರೆ ಬಿಡುವೆಲ್ಲ ದಾರಿಗೇ ಸರಿ, ಬಾಗಿಲಲ್ಲಿ ನಿಂತು ಮುದ್ದೆಯ ಮುಖ ನೋಡಿ ಹಿಂದಿರುಗಬೇಕು. ದಾಕ್ಷಾಯಿಣಿ ಮಾರನೆಯ ಬೆಳಿಗ್ಗೆ ಎದ್ದವಳೇ, "ಒಂದ್ ಸೈಕಲ್ ತಗೊಳ್ಳೋಣ ಕಣ್ರೀ. ಮಧ್ಯಾಹ್ನ ಮನೇಗ್ ಬಂದು ಬಿಸಿ ಮುದ್ದೆ ಉಂಡ್ ಹೋಗಿ" ಎಂದಳು, ಕೊತ್ತಂಬರಿ ಸೊಪ್ಪು ತಗೊಳ್ಳೋಣ ಎನ್ನುವ ಹಾಗೆ.

ನನ್ನ ಸಂಬಳಕ್ಕೂ ಹೊಸ ಸೈಕಲಿನ ಬೆಲೆಗೂ ಆಗ ಪರಿಚಯವೇ ಇರಲಿಲ್ಲ. ಕಂತಿನ ಮೇಲೆ ಕೊಡುವ ದೊಡ್ಡ ಅಂಗಡಿಗಳಿದ್ದವು, ಆದರೆ ಅವರು ಜಾಮೀನು ಕೇಳುತ್ತಿದ್ದರು. ಜಾಮೀನು ನಿಲ್ಲುವಂಥವರು ಯಾರೂ ನನಗೆ ಗೊತ್ತಿರಲಿಲ್ಲ; ಗೊತ್ತಿದ್ದವರೆಲ್ಲ ನನ್ನನ್ನೇ ಜಾಮೀನು ಕೇಳುವಂಥವರು. ಅಲ್ಲದೆ ಅವಳಿಗೆ ಸಾಲವೆಂದರೆ ಆಗದು. "ಸಾಲದ್ ಸೈಕಲ್ ಮೇಲೆ ಬಂದು ಉಂಡ್ರೆ ಮುದ್ದೆ ಗಂಟಲಲ್ಲಿ ಇಳಿಯುತ್ತಾ?" ಎಂದಳು. ಅವಳು ಮನೆಯಲ್ಲಿ ಕೂತು ನಮ್ಮ ಕಾರ್ಖಾನೆಗೇ ಊದುಬತ್ತಿ ಹೊಸೆದು ಕೊಡುತ್ತಿದ್ದಳು. ಅದರಿಂದ ಬರುವ ಪುಡಿಗಾಸು ಅವಳದು. ಆ ಪುಡಿಗಾಸನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು, ಮಂಡಿ ಮೊಹಲ್ಲಾದ ಗಫಾರ್ ಸಾಹೇಬರ ಸಣ್ಣ ಸೈಕಲ್ ಅಂಗಡಿಗೆ ಹೋದಳು.

"ಸಾಹೇಬ್ರೇ, ನಿಮ್ಮಂಗ್ಡೀಲಿ ಚಕ್ರ ಮಾರ್ತೀರಾ?"

"ಮಾರ್ತೀವಿ ಅಮ್ಮಾ."

"ಸೀಟು?"

"ಸೀಟೂ ಮಾರ್ತೀವಿ."

"ಚೈನು, ಹ್ಯಾಂಡಲ್ಲು, ಫ್ರೇಮು?"

"ಎಲ್ಲಾ ಮಾಲು ಐತೆ ಅಮ್ಮಾ. ನಿಮ್ದು ಯಾವ್ ಸೈಕಲ್ಗೆ ಬೇಕು?"

"ಸೈಕಲ್ ಇಲ್ಲ. ಅದೇ ಬೇಕಾಗಿರೋದು. ಈ ತಿಂಗ್ಳು ಒಂದು, ಮುಂದಿನ್ ತಿಂಗ್ಳು ಒಂದು ಅಂತ ತಗೊಂಡ್ ಹೋಗ್ತೀನಿ. ಕೊನೇಗೆ ನೀವು ಜೋಡ್ಸಿಕೊಡಿ."

ಸಾಹೇಬರು ಕೈಯಲ್ಲಿದ್ದ ತಿರುಪು ಬಿಗಿಯುವ ಪಾನಾ ಕೆಳಗಿಟ್ಟರು. "ಸೈಕಲ್ ಏನು ಕುಂಬಳಕಾಯಿನಾ ಅಮ್ಮಾ, ಹೋಳು ಮಾಡಿ ಮಾರೋಕೆ?" ಎಂದು ನನ್ನ ಕಡೆ ನೋಡಿದರು. ನಾನು ಪಕ್ಕದ ಅಂಗಡಿಯ ಬೋರ್ಡು ಓದತೊಡಗಿದೆ. ದಾಕ್ಷಾಯಿಣಿ ಮಾತ್ರ, "ಕುಂಬಳಕಾಯಿ ಇಡೀದಾಗಿ ಬೆಳ್ಯುತ್ತೆ, ಅದನ್ನ ಹೋಳು ಮಾಡ್ತಾರೆ. ಸೈಕಲ್ ಹೋಳಾಗೇ ಹುಟ್ಟುತ್ತೆ, ನೀವೇ ಜೋಡ್ಸೋದು. ಜೋಡ್ಸೋಕ್ ಮುಂಚೆ ಕೊಡಿ ಅಂದೆ ಅಷ್ಟೇ" ಎಂದಳು. ಸಾಹೇಬರು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, "ಬಾತ್ ತೋ ಸಹೀ ಐತೆ" ಎಂದು ಒಪ್ಪಿದರು. ಲೋಕವೆಲ್ಲ ಸೈಕಲನ್ನು ಒಟ್ಟಿಗೆ ತಂದು ದುಡ್ಡನ್ನು ಕಂತಿನಲ್ಲಿ ಕೊಡುತ್ತದೆ. ದುಡ್ಡನ್ನು ಆಗಿಂದಾಗ ಕೊಟ್ಟು ಸೈಕಲನ್ನು ಕಂತಿನಲ್ಲಿ ತಂದವಳು ಅವಳೊಬ್ಬಳೇ. ಅರ್ಥಶಾಸ್ತ್ರ ಓದಿದವರಿಗೆ ಇದು ಹೊಳೆದಿತ್ತೋ ಇಲ್ಲವೋ ನಾನರಿಯೆ.

ಆ ದಿನ ಸೆರಗಿನಲ್ಲಿದ್ದ ದುಡ್ಡಿಗೆ ಬಂದದ್ದು ಒಂದು ಬೆಲ್. ಹೀಗೆ ನಾವು ಸೈಕಲಿಲ್ಲದ ಬೆಲ್ಲಿನ ಒಡೆಯರಾದೆವು. ಅವಳು ಅದನ್ನು ಅಡುಗೆಮನೆ ಬಾಗಿಲ ಮೊಳೆಗೆ ಕಟ್ಟಿದಳು. ಊಟಕ್ಕೆ ಕರೆಯಬೇಕಾದರೆ ಕೂಗುವುದನ್ನು ಬಿಟ್ಟು ಬೆಲ್ ಹೊಡೆಯತೊಡಗಿದಳು. ಒಂದೇ ಕೋಣೆಯ ಮನೆ. ನಾನು ಕೂತಿರುತ್ತಿದ್ದದ್ದು ಅವಳ ಕೈಗೆಟುಕುವ ದೂರದಲ್ಲಿ. ಆದರೂ ಟ್ರಿಣ್ ಟ್ರಿಣ್ ಎಂದಾಗಲೇ ನಾನು ಏಳಬೇಕು. ಆಯುಧಪೂಜೆಯ ದಿನ ಅದಕ್ಕೊಂದು ಕುಂಕುಮ, ಒಂದು ಚೆಂಡುಹೂವು.

ಎದುರುಮನೆಯಲ್ಲಿ ದಫೇದಾರ್ ಮರಿಗೌಡರಿದ್ದರು. ಅರಮನೆಯ ಕುದುರೆ ಪಡೆಯಲ್ಲಿದ್ದು ನಿವೃತ್ತರಾದವರು. ಕುದುರೆ ಇಳಿದ ಮೇಲೆ ಅವರಿಗೆ ಉಳಿದ ಕೆಲಸವೆಂದರೆ ಜಗಲಿಯ ಮೇಲೆ ಕೂತು ಬೀದಿಯನ್ನು ವಿಚಾರಿಸಿಕೊಳ್ಳುವುದು. ಚೀಲ ಹಿಡಿದು ಬರುವ ನನ್ನ ಹೆಂಡತಿಯನ್ನು ನಿಲ್ಲಿಸಿ, "ಇವತ್ತೇನವ್ವಾ ಸೊಪ್ಪಿನ್ ಜತೆ? ಮಡ್‌ಗಾರ್ಡ್ ಪಲ್ಯವಾ?" ಎಂದು ಕೇಳುವರು. ಫ್ರೇಮು ಬಂದ ದಿನ ಅದನ್ನು ಹೆಗಲ ಮೇಲೆ ಹೊತ್ತು ತಂದವನು ನಾನು. "ಸೈಕಲ್ ಮೇಲೆ ಮನುಸ ಕೂತ್ಕಳದ ನೋಡಿವ್ನಿ ಸ್ವಾಮಿ, ಮನುಸನ್ ಮೇಲೆ ಸೈಕಲ್ ಕೂತ್ಕಂಡಿರದ ಇವತ್ತೇ ನೋಡ್ತಿರದು!" ಎಂದು ಇಡೀ ಬೀದಿಗೆ ಕೇಳುವಂತೆ ನಕ್ಕರು. ಫ್ರೇಮು ಗೋಡೆಯ ಗೂಟಕ್ಕೆ ನೇತುಬಿತ್ತು. ಅವಳು ಅದರ ಮೇಲೆ ಪಂಚೆ ಒಣಹಾಕಿದಳು.

ನಾನೂ ಏನಾದರೂ ಮಾಡಬೇಕಲ್ಲ? ಒಂದು ಸಲ ಅವಳಿಗೆ ತಿಳಿಸದೆ, ಬೀದಿ ಬದಿಯಲ್ಲಿ ಹರಡಿಕೊಂಡು ಮಾರುತ್ತಿದ್ದವನ ಹತ್ತಿರ ಚೌಕಾಸಿ ಮಾಡಿ ಎರಡು ಪೆಡಲ್ ತಂದೆ. ಸಾಹೇಬರು ನೋಡಿ, "ಎರಡೂ ಎಡಗಡೇದು ತಂದೀರಲ್ಲಾ ಸ್ವಾಮಿ, ಬಲಗಡೆ ತಿರುಪು ಬೇರೆ" ಎಂದು ಹಿಂದಕ್ಕೆ ಕೊಟ್ಟರು. ಮನೆಯಲ್ಲಿ ಇನ್ನು ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ. ಅವಳು ಪೆಡಲ್‌ಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಹೋಗ್ಲಿ ಬುಡಿ. ಒಂದಾದ್ರೂ ಸರಿ ಇದೆಯಲ್ಲ. ನೀವು ತಂದಿದ್ರಲ್ಲಿ ಅರ್ಧ ಸರಿ ಇರೋದು ಇದೇ ಮೊದ್ಲು" ಎಂದಳು. ಹೊಗಳಿದಳೆಂದೇ ಇವತ್ತಿನವರೆಗೂ ತಿಳಿದಿದ್ದೇನೆ.

ಎರಡನೆಯ ದಸರೆ ಬಂದಾಗ ಗೋಡೆಯ ಮೇಲೆ ಫ್ರೇಮು, ರಿಮ್ಮುಗಳು, ಹ್ಯಾಂಡಲ್, ಸೀಟು ಎಲ್ಲ ಸೇರಿದ್ದವು. ಆಯುಧಪೂಜೆಗೆ ಎಲ್ಲವನ್ನೂ ಬಾಗಿಲ ಮುಂದೆ ಚಾಪೆಯ ಮೇಲೆ ಹರಡಿ ಹೂವಿಟ್ಟಿದ್ದಳು. ಮರಿಗೌಡರು ಜಗಲಿಯಿಂದ ಎದ್ದೇ ಬಂದರು. "ಏನವ್ವಾ, ಎಷ್ಟ್ ತಿಂಗ್ಳು ಈಗ? ವರ್ಸ ಕಳೀತು. ಆನೆ ಬಸುರಾ ಎಂಗೆ?" ಎಂದರು. ಅಂದವರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಮಕ್ಕಳಾಗದ ಮನೆಯ ಮುಂದೆ ಆಡುವ ಮಾತಲ್ಲ ಅದು. ನಾನು ತಲೆ ತಗ್ಗಿಸಿ, ಅಂಟಿಕೊಳ್ಳದಿದ್ದ ಕುಂಕುಮವನ್ನು ಸೀಟಿಗೆ ಮತ್ತೆ ಮತ್ತೆ ಒತ್ತಿದೆ. ದಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು.

"ಆನೇನೇ ಅಂತ ಇಟ್ಕೊಳ್ಳಿ ಗೌಡ್ರೇ. ಆನೆ ಆದ್ರೂ ಬಸುರಿ ಬಸುರೀನೇ. ನಂಗೆ ತೌರಲ್ಲಿ ಯಾರೂ ಇಲ್ಲ ಅಂತ ನಿಮಗೇ ಗೊತ್ತು. ನೀವು ಅಣ್ಣನ್ ಹಾಗಿದ್ದೀರಿ. ಮಡಿಲು ತುಂಬೋದು ತೌರಿನೋರ್ ಕೆಲ್ಸ ಅಲ್ವಾ? ಯಾವಾಗ ಬರ್ತೀರಿ?"

ಗೌಡರು ಜಗಲಿಯನ್ನೂ ದಾಟಿ ನೇರ ಮನೆಯೊಳಗೆ ಹೋದರು. ಮಾರನೆಯ ಸಂಜೆ ಅವರು ಹಳೆಯ ಸರಿಗೆ ಪೇಟ ಸುತ್ತಿಕೊಂಡು, ಕೈಯಲ್ಲಿ ತಟ್ಟೆ ಹಿಡಿದು, ಹೆಂಡತಿಯನ್ನು ಮುಂದಿಟ್ಟುಕೊಂಡು ಬಂದರು. ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ, ನಡುವೆ ಮಿರಮಿರ ಮಿಂಚುವ ಹೊಸ ಕ್ಯಾರಿಯರ್. "ತಗಾ ತಂಗಿ" ಎಂದರು. ಅವಳು ಸೆರಗೊಡ್ಡಿ ತೆಗೆದುಕೊಂಡಳು. ಬಳೆಗಳನ್ನು ತಾನು ತೊಟ್ಟು, ಕ್ಯಾರಿಯರನ್ನು ಗೋಡೆಗೆ ತೂಗುಹಾಕಿದಳು. ಆಮೇಲೆ ಒಳಗೆ ಹೋದವಳು ಕಾಫಿ ತರಲು ಬಹಳ ಹೊತ್ತು ಮಾಡಿದಳು. ನಾವು ಮೂವರೂ ಹೊರಗೆ ಕೂತು ಹವಾಮಾನದ ವಿಚಾರ ಮಾತಾಡಿದೆವು. ನೋವಾಗುವ ಮಾತನ್ನು ಹೀಗೆ ತಿರುಗಿಸಿ ಕ್ಯಾರಿಯರ್ ಮಾಡಿಕೊಳ್ಳುವುದು ನನ್ನಿಂದಂತೂ ಆಗುತ್ತಿರಲಿಲ್ಲ. ನಾನಾಗಿದ್ದರೆ ಮುನಿಸಿಕೊಂಡು ಎದುರುಮನೆಯ ಕಡೆ ಕಿಟಕಿ ಮುಚ್ಚುತ್ತಿದ್ದೆ. ಗಾಳಿಯೂ ಹೋಗುತ್ತಿತ್ತು, ಕ್ಯಾರಿಯರೂ ಬರುತ್ತಿರಲಿಲ್ಲ.

ಕಡೆಗೆ ಟೈರು ಟ್ಯೂಬು ಬಂದು, ಸಾಹೇಬರು ತಾವೇ ವಠಾರಕ್ಕೆ ಬಂದು ಕೂತು ಸೈಕಲ್ ಜೋಡಿಸಿದರು. ಎಲ್ಲಕ್ಕಿಂತ ಕೊನೆಗೆ ಅಡುಗೆಮನೆ ಬಾಗಿಲಿನ ಬೆಲ್ ಬಿಚ್ಚಿ ಹ್ಯಾಂಡಲಿಗೆ ಹಾಕಿದರು. ಬೀದಿಯೆಲ್ಲ ಸೇರಿತ್ತು. "ಅತ್ತಿ ಸ್ವಾಮಿ, ಒಂದ್ ರವುಂಡು ವೋಗ್ ಬನ್ನಿ" ಎಂದರು ಗೌಡರು. ಆಗ ನಾನು ಒಂದು ವಿಷಯವನ್ನು ಹೇಳಬೇಕಾಯಿತು. ಇಷ್ಟು ಕಾಲದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಕೇಳದಿದ್ದಾಗ ನಾನಾಗಿ ಹೇಳುವುದು ಹೇಗೆ? ನನಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಜನ ನಗಬೇಕೋ ಬೇಡವೋ ಎಂದು ದಾಕ್ಷಾಯಿಣಿಯ ಮುಖ ನೋಡಿದರು. "ನಂಗ್ ಗೊತ್ತಿತ್ತು" ಎಂದಳು ಅವಳು. "ಅದಕ್ಕೇ ಮೊದ್ಲು ಬೆಲ್ ತಗೊಂಡಿದ್ದು. ಎದುರಿಗೆ ಬರೋರಾದ್ರೂ ತಪ್ಪಿಸ್ಕೊಳ್ಲಿ ಅಂತ."

ಕಲಿಸಿದವರು ಮರಿಗೌಡರು. ಅವರಿಗೂ ಸೈಕಲ್ ಬರುತ್ತಿರಲಿಲ್ಲ, ಕುದುರೆ ಬರುತ್ತಿತ್ತು. ಬನ್ನಿಮಂಟಪದ ಖಾಲಿ ಮೈದಾನದಲ್ಲಿ ನನ್ನನ್ನು ಹತ್ತಿಸಿ, "ಮಂಡಿ ಬಿಗಿ! ಬೆನ್ ನೆಟ್ಗೆ! ಕಡಿವಾಣ ಜಗ್ಬ್ಯಾಡಿ!" ಎಂದು ಹಿಂದಿನಿಂದ ಓಡಿಬರುತ್ತಿದ್ದರು. ಅದೇ ಕ್ಯಾರಿಯರನ್ನು ಹಿಡಿದುಕೊಂಡು. ಈ ಕಾರಣಕ್ಕೋ ಏನೋ ನಾನು ಸೈಕಲಿನ ಮೇಲೆ ಇವತ್ತಿಗೂ ಮೆರವಣಿಗೆಯಲ್ಲಿ ಹೋಗುವವನ ಹಾಗೆ ಕೂರುತ್ತೇನೆ.

ಆಮೇಲಿನ ವರ್ಷಗಳಲ್ಲಿ ಮಧ್ಯಾಹ್ನ ನಮ್ಮ ಬೀದಿಯ ತಿರುವಿಗೆ ಬಂದಾಗ ನಾನು ಬೆಲ್ ಹೊಡೆಯುವುದು, ಅದು ಕೇಳಿದ ಕೂಡಲೇ ಅವಳು ಬೆಂದ ಹಿಟ್ಟನ್ನು ಕೋಲಿನಲ್ಲಿ ತಿರುವಿ ಮುದ್ದೆ ಕಟ್ಟುವುದು ಎಂದಾಯಿತು. ನಾನು ಸೈಕಲ್ ನಿಲ್ಲಿಸಿ ಕಾಲು ತೊಳೆದು ಕೂರುವಾಗ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ, ಪಕ್ಕದಲ್ಲಿ ಬಸ್ಸಾರು. ಹೊಟ್ಟೆನೋವು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಕತ್ತರಿ ಡಾಕ್ಟರ ಹತ್ತಿರವೇ ಉಳಿಯಿತು. ಸೈಕಲ್ ಮಾತ್ರ ಬಂದ ಹಾಗೆಯೇ ತುಂಡುತುಂಡಾಗಿ ಹೋಯಿತು. ಟೈರು, ಚೈನು, ಸೀಟು ಎಲ್ಲ ಬದಲಾದವು. ಮೊನ್ನೆ ಸಾಹೇಬರು, "ಬೆಲ್ ಸವೆದೋಗೈತೆ, ಹೊಸದು ಹಾಕ್ಲಾ?" ಎಂದರು. ಬೇಡವೆಂದೆ.

ಈಗಲೂ ತಿರುವಿನಲ್ಲಿ ನನ್ನ ಹೆಬ್ಬೆರಳು ತಾನಾಗಿಯೇ ಬೆಲ್ ಒತ್ತುತ್ತದೆ. ಆಮೇಲೆ ನೆನಪಾಗುತ್ತದೆ. ಬೀಗ ತೆಗೆದು ನಾನೇ ಎಸರಿಡುತ್ತೇನೆ, ನಾನೇ ತಿರುವುತ್ತೇನೆ. ಒಬ್ಬನೇ ಉಣ್ಣುತ್ತಾನಲ್ಲ ಎಂದು ಮರಿಗೌಡರು ಒಂದು ದಿನ ಬಂದು ಜೊತೆಗೆ ಕೂತರು. ಮೊದಲ ತುತ್ತಿನಲ್ಲೇ ಹಸಿ ಹಿಟ್ಟಿನ ಗಂಟು ಸಿಕ್ಕಿತು, ಎರಡನೆಯದರಲ್ಲಿ ಇನ್ನೊಂದು. ತಂಗಿಯ ಮನೆಯ ಊಟವೆಂದು ಕಣ್ಣು ಮುಚ್ಚಿ ನುಂಗಿ ತಟ್ಟೆ ಖಾಲಿ ಮಾಡಿದರು; ಎರಡು ದಿನ ಜಗಲಿಗೆ ಬರಲಿಲ್ಲ. ಅಂದಿನಿಂದ ತಿರುವಿನಲ್ಲಿ ನನ್ನ ಬೆಲ್ ಕೇಳಿದ ತಕ್ಷಣ ಎದ್ದು, ಈ ವಯಸ್ಸಿನಲ್ಲೂ ಸರಸರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತಪ್ಪಿಸಿಕೊಳ್ಳುತ್ತಾರೆ. ಅವಳು ಆ ಬೆಲ್ಲನ್ನು ಯಾತಕ್ಕೆಂದು ಕೊಂಡಿದ್ದಳೋ, ಅದು ಕಡೆಗೂ ಅದಕ್ಕೇ ಉಪಯೋಗವಾಗುತ್ತಿದೆ.