ಇಪ್ಪತ್ತು ಮಾರ್ಕಿನ ವೀರರು

ದೊಡ್ಡವರು ಆಟಕ್ಕೆ ಕುಳಿತರೆ ಮಕ್ಕಳ ಆಟದಲ್ಲಿ ಆಗದ ಪಜೀತಿಗಳೆಲ್ಲ ಆಗುತ್ತವೆ. ನಮ್ಮಲ್ಲಂತೂ ವಾರ ತಪ್ಪದೆ ಆಗುತ್ತಿದ್ದವು.

ಎಂಬತ್ತರ ದಶಕದ ಮಾತು. ಪಾರ್ವತಿನಗರದ ಡ್ರಾಯಿಂಗ್ ಮಾಸ್ತರರಿಗೆ ಮುಂಬಯಿಯ ತಂಗಿಯ ಮಗ ಒಂದು ಹೊಸ ಆಟ ಕಲಿಸಿಹೋಗಿದ್ದ. ಮಾಸ್ತರರು ಕತೆ ಹೇಳಬೇಕು, ಕತೆಯೊಳಗಿನ ವೀರರು ನಾವು. ಪ್ರತಿ ವೀರನಿಗೂ ಇಪ್ಪತ್ತು ಮಾರ್ಕು. ಅದನ್ನು ಬಲ, ಚುರುಕು, ಮಾತು ಈ ಮೂರಕ್ಕೆ ಬೇಕಾದಂತೆ ಹಂಚಿಕೊಳ್ಳಬೇಕು. ಯಾವುದಕ್ಕೆ ಮಾರ್ಕು ಹೆಚ್ಚೋ ಆ ಕೆಲಸ ಸಲೀಸು. ಅನುಮಾನ ಬಂದರೆ ದಾಳ ಹಾಕುವುದು. ಹತ್ತಿ ದಲಾಲಿ, ದರ್ಜಿ ಸಾಹೇಬರು, ಪೋಸ್ಟಾಫೀಸಿನ ಗುಮಾಸ್ತನಾದ ನಾನು, ಭಾನುವಾರ ಊಟ ಮುಗಿಸಿ ಮಾಸ್ತರರ ಪಡಸಾಲೆಯಲ್ಲಿ ಸೇರುತ್ತಿದ್ದೆವು.

೧. ಬಾಯಿಲ್ಲದ ಪೈಲ್ವಾನ

ದಲಾಲಿ ಇಪ್ಪತ್ತೂ ಮಾರ್ಕು ಬಲಕ್ಕೇ ಸುರಿದರು. "ಹಂಚಿದ್ರ ಯಾವುದೂ ನೆಟ್ಟಗಾಗಂಗಿಲ್ಲ. ಒಂದ ಕಡಿ ಹಾಕಿ ನೋಡ್ರಿ, ಮಜಾ ಐತಿ" ಎಂದರು.

ಮಜಾ ಇತ್ತು, ಸುಳ್ಳಲ್ಲ. ಸಿರುಗುಪ್ಪದ ಹೊಳೆದಂಡೆಯಲ್ಲಿ ಮೊಸಳೆ ಬಂದಾಗ ಅವರ ವೀರ ಬಾಲ ಹಿಡಿದು ಗಿರಗಿರ ತಿರುಗಿಸಿ ಒಗೆದ. ನಮಗೂ ಎದೆ ಉಬ್ಬಿತು. ಆಮೇಲೆ ಹೊಳೆ ದಾಟಬೇಕಲ್ಲ? ಅಂಬಿಗ ಹರಿಗೋಲಿನಲ್ಲಿ ಕುಳಿತೇ, "ಯಾರ ನೀವು, ಎಲ್ಲಿಗಿ ಹೊಂಟೀರಿ?" ಎಂದು ಮುಂದೆ ನಿಂತಿದ್ದ ದಲಾಲಿಯ ವೀರನನ್ನು ಕೇಳಿದ.

"ನಿಮ್ಮ ವೀರಗ ಮಾತಿಗಿ ಸೊನ್ನೆ. ಬಾಯಿ ಬರಂಗಿಲ್ಲ. ಏನ್ ಮಾಡ್ತೀರಿ?" ಎಂದರು ಮಾಸ್ತರರು.

"ಹರಿಗೋಲು ಸಮೇತ ಎತ್ತಿ ಒಗಿತೀನಿ."

ಒಗೆದರು. ಬಲಕ್ಕೆ ಪೂರ್ತಿ ಮಾರ್ಕು. ಅಂಬಿಗನೂ ಹರಿಗೋಲೂ ಕ್ಷೇಮವಾಗಿ ಆಚೆ ದಡ ಸೇರಿದರು. ನಾವು ಈಚೆ ದಡದಲ್ಲೇ ಉಳಿದೆವು.

೨. ಯಾರಿಗೂ ಕಾಣದ ಕಳ್ಳ

ಇದನ್ನು ನೋಡಿ ನಾನು ಮುಂದಿನ ಭಾನುವಾರದ ಆಟಕ್ಕೆ ಎಲ್ಲ ಮಾರ್ಕನ್ನೂ ಚುರುಕಿಗೆ ಹಾಕಿದೆ. ನನ್ನ ವೀರ ನಡೆದರೆ ಸದ್ದಿಲ್ಲ, ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕುರುಗೋಡು ಗುಡ್ಡದ ಪಾಳೇಗಾರನ ಕೋಟೆಯಲ್ಲಿ ಕಾವಲಿನವರ ನಡುವೆಯೇ ನುಸುಳಿ ಖಜಾನೆಯ ಬೀಗ ತೆಗೆದೆ. ಅಂಥ ಸುಖ ನನಗೆ ನೌಕರಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ. ದಲಾಲಿ, ಸಾಹೇಬರು ಒಳಗೆ ಬಂದು ಚೀಲ ತುಂಬಿಕೊಂಡು, ಹೊರಗೆ ಹೋಗಿ ಬಂಗಾರವನ್ನು ಎರಡು ಪಾಲು ಮಾಡಿದರು.

"ನನ್ನ ಪಾಲು ಎಲ್ಲೈತ್ರಿ?" ಎಂದೆ.

ಸಾಹೇಬರು ಬಹಳ ಮರ್ಯಾದೆಯಿಂದಲೇ ಹೇಳಿದರು: "ಕೊಡಾಕಂತ ಹುಡುಕಿದ್ವಿ ನೋಡ್ರಿ, ನೀವು ಕಾಣಲಿಲ್ಲ."

೩. ರಾಕ್ಷಸನ ನಿಶ್ಚಿತಾರ್ಥ

ಮಾಸ್ತರರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಒಂದು ಭಾನುವಾರ ಚಹಾ ತಂದವರು ತಾವೂ ಆಟಕ್ಕೆ ಕುಳಿತರು. ಇಪ್ಪತ್ತೂ ಮಾರ್ಕು ಮಾತಿಗೆ.

ದಲಾಲಿ ನಕ್ಕರು. "ರಾಕ್ಷಸ ಬಂದ್ರ ಏನ್ ಮಾಡ್ತೀರಿ ಅಕ್ಕಾರ?"

"ಬರ್ಲಿ, ನೋಡೂಣು."

ಬಂದ. ಮಾಸ್ತರರು ವಾರವಿಡೀ ಕುಳಿತು ಅವನಿಗೆ ಆರು ಕೈ, ಬೆಂಕಿಯ ಉಸಿರು ಕೊಟ್ಟು, ಬಣ್ಣದ ಚಿತ್ರವನ್ನೂ ಬರೆದಿದ್ದರು. ಇಡೀ ತಿಂಗಳು ನಮ್ಮನ್ನು ಕಾದಾಡಿಸುವ ಆಸೆ ಅವರಿಗೆ. ದಲಾಲಿ ತೋಳೇರಿಸುವಷ್ಟರಲ್ಲಿ ಅಕ್ಕಾರು, "ಯಾಕಪಾ, ಇಷ್ಟು ಸೊರಗೀಯಲ್ಲ. ಊಟ ಆತಿಲ್ಲ?" ಎಂದರು.

ಮಾಸ್ತರರು ರಾಕ್ಷಸನ ದನಿಯಲ್ಲಿ, "ಊಟಕ್ಕ ನಿಮ್ಮನ್ನ ತಿಂತೀನಿ" ಎಂದು ಗುಡುಗಿದರು.

"ತಿನ್ನುವಂತಿ. ಮನ್ಯಾಗ ಅಡಿಗಿ ಮಾಡಾಕ ಯಾರದಾರ?"

ಮಾಸ್ತರರು ಇದನ್ನು ಯೋಚಿಸಿರಲಿಲ್ಲ. "ಯಾರೂ ಇಲ್ಲ" ಎಂದುಬಿಟ್ಟರು.

ಅಷ್ಟು ಸಾಕಾಯಿತು. ಮೋಕ ಊರಲ್ಲೊಂದು ರಾಕ್ಷಸರ ಹುಡುಗಿ ಇದ್ದಾಳೆ, ಒಳ್ಳೆಯ ಮನೆತನ ಎಂದು ಶುರು ಮಾಡಿದ ಅಕ್ಕಾರು ಚಹಾ ಆರುವ ಮೊದಲೇ ಮದುವೆ ಕುದುರಿಸಿದರು. ಕಾದಾಟಕ್ಕೆ ಬಂದ ನಾವು ಬೀಗರಾಗಿ ಕುಳಿತೆವು. ದಲಾಲಿ ಅಂಗಿಯ ತೋಳು ಇಳಿಸಿಕೊಂಡರು.

ಮಾಸ್ತರರ ಮುಖ ಸಣ್ಣದಾಯಿತು. "ಹಂಗ ಬರೇ ಮಾತಿಗಿ ಒಪ್ಪಾಂವಲ್ಲ ಅವ. ದಾಳ ಹಾಕಬೇಕು" ಎಂದರು.

ಅಕ್ಕಾರು ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ ಎದ್ದರು. "ಇಷ್ಟು ವರ್ಷ ನಿಮ್ಮನ್ನ ಒಪ್ಪಿಸಾಕ ನಾ ಯಾವತ್ತರ ದಾಳ ಹಾಕೀನೇನ್ರಿ?"